ಕ್ಯಾಂಟೀನ್ ಗೋಡೆಗೆ ನೇತುಹಾಕಿದ್ದ ಪಹಣಿ

ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕ್ 1977ರಲ್ಲಿ ಒಂದು ಚಿತ್ರ ಕೊಂಡಿತು. ಬೆಲೆ 1,200 ಡಾಲರ್. ಚಿತ್ರ ಸಣ್ಣದೇನಲ್ಲ. ಎರಡು ಮೀಟರ್ ಎತ್ತರ, ಮೂರೂಕಾಲು ಮೀಟರಿಗಿಂತ ಜಾಸ್ತಿ ಅಗಲ. ಅದನ್ನು ಬ್ಯಾಂಕಿನ ತರಬೇತಿ ಕೇಂದ್ರವೊಂದರ ಕ್ಯಾಂಟೀನಿನಲ್ಲಿ ಹಾಕಿದರು. ವರ್ಷಗಟ್ಟಲೆ ಅಲ್ಲೇ ಇತ್ತು. ಅದರ ಮುಂದೆ ಕೂತು ಜನ ಊಟ ಮಾಡಿದರು, ಎದ್ದು ಹೋದರು.

2007ರ ಜುಲೈನಲ್ಲಿ ಅದೇ ಚಿತ್ರ ಮೆಲ್ಬರ್ನಿನಲ್ಲಿ ಹರಾಜಿಗೆ ಬಂತು. ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿ 24 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಮೂವತ್ತು ವರ್ಷದಲ್ಲಿ ಎರಡು ಸಾವಿರ ಪಟ್ಟು.

ಈ ಚಿತ್ರದ ಬಗ್ಗೆ ಮಾತು ಶುರುವಾದರೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಪಕ್ಕದ ಮನೆಯವರಿಗೆ ಲಾಟರಿ ಹೊಡೆದ ಕಥೆ ಇದ್ದ ಹಾಗೆ. ನನಗಿರುವ ಪ್ರಶ್ನೆ ಬೇರೆ. ಅಷ್ಟು ವರ್ಷ ಆ ಗೋಡೆಯ ಮೇಲೆ ಇದ್ದದ್ದು ಏನು? ಚಿತ್ರ ಅಂತ ನಾವು ಕರೆಯುತ್ತೇವೆ. ಬರೆದವರ ಕಡೆಯಿಂದ ನೋಡಿದರೆ ಅದು ಹೆಚ್ಚು ಕಡಿಮೆ ಒಂದು ಪಹಣಿ. ಯಾವ ಜಾಗ, ಯಾರ ಜಾಗ, ಅದರ ಮೇಲೆ ಯಾರಿಗೆ ಯಾವ ಹಕ್ಕು, ಯಾವ ಋಣ, ಎಲ್ಲ ಅದರಲ್ಲಿದೆ. ಭಾಷೆ ಮಾತ್ರ ಚುಕ್ಕೆ ಮತ್ತು ಹೆಜ್ಜೆಗುರುತಿನದು.

ಚಿತ್ರದ ಹೆಸರು ವರ್ಲುಗುಲಾಂಗ್. ಬರೆದವರು ಕ್ಲಿಫರ್ಡ್ ಪಾಸಂ ಜಪಲ್‌ಜಾರಿ. ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯ ಅನ್ಮಟ್ಯೆರ್ ಎಂಬ ಮೂಲನಿವಾಸಿ ಜನಾಂಗದವರು. ಹುಟ್ಟಿದ್ದು 1932ರ ಸುಮಾರಿಗೆ, ನ್ಯಾಪರ್ಬಿ ಎಂಬ ದನದ ಎಸ್ಟೇಟಿನಲ್ಲಿ.

ವರ್ಲುಗುಲಾಂಗ್ ಎನ್ನುವುದು ಜಾಗದ ಹೆಸರು. ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ವಾಯವ್ಯಕ್ಕೆ ಸುಮಾರು 300 ಕಿಲೋಮೀಟರ್. ಅಲ್ಲಿ ನಡೆದದ್ದು ಬೆಂಕಿಯ ಕಥೆ.

ಲುಂಗ್ಕಟ ಮತ್ತು ಇಬ್ಬರು ಮಕ್ಕಳು

ಲುಂಗ್ಕಟ ಅಂದರೆ ನೀಲಿ ನಾಲಿಗೆಯ ಹಲ್ಲಿ. ಆ ಭಾಗದಲ್ಲಿ ಈಗಲೂ ಕಾಣಸಿಗುವ ದಪ್ಪ ಮೈಯ ಪ್ರಾಣಿ. ಹೆದರಿದರೆ ಬಾಯಿ ತೆರೆದು ನೀಲಿ ನಾಲಿಗೆ ಚಾಚುತ್ತದೆ. ಕಥೆಯಲ್ಲಿ ಅದು ಹಲ್ಲಿಯೂ ಹೌದು, ಮುದುಕನೂ ಹೌದು. ಇವೆರಡರಲ್ಲಿ ಯಾವುದು ನಿಜ ಅಂತ ಕೇಳಿದರೆ ಪ್ರಶ್ನೆಯೇ ತಪ್ಪು.

ಲುಂಗ್ಕಟನಿಗೆ ಇಬ್ಬರು ಗಂಡುಮಕ್ಕಳು. ಅವರು ಬೇಟೆಗೆ ಹೋಗಿ ಒಂದು ಕಾಂಗರೂ ಹೊಡೆದರು. ಸುಟ್ಟರು, ತಿಂದರು. ಅಪ್ಪನಿಗೆ ಪಾಲು ಇಡಲಿಲ್ಲ. ಮಕ್ಕಳು ಎಷ್ಟು ಹೊತ್ತಾದರೂ ಬರಲಿಲ್ಲ ಅಂತ ಮುದುಕ ಹುಡುಕಿಕೊಂಡು ಹೊರಟ. ನಡೆದದ್ದು ಗೊತ್ತಾಯಿತು. ಕೈಯಲ್ಲಿದ್ದ ಕೊಳ್ಳಿಯನ್ನು ಒಂದು ಪೊದೆಗೆ ತಾಗಿಸಿ ಊದಿದ. ಪೊದೆ ಸಿಡಿಯಿತು. ಬೆಂಕಿ ಸುತ್ತ ಹರಡಿತು. ಮಕ್ಕಳು ಸೊಪ್ಪಿನ ಟೊಂಗೆ ಮುರಿದು ಬಡಿದು ಬಡಿದು ಆರಿಸಲು ನೋಡಿದರು. ಆರಿದ ಕಡೆ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಕೊನೆಗೆ ಇಬ್ಬರೂ ಅದರಲ್ಲೇ ಹೋದರು.

ಪಕ್ಕದ ವಾರ್ಲ್ಪಿರಿ ಜನ ಇದನ್ನೇ ಸ್ವಲ್ಪ ಬೇರೆ ಹೇಳುತ್ತಾರೆ. ಅಲ್ಲಿ ಮುದುಕ ಕುರುಡನ ಹಾಗೆ ನಟಿಸುತ್ತಾನೆ. ಮಕ್ಕಳು ದಿನಾ ಬೇಟೆಯಾಡಿ ತಂದು ಹಾಕುತ್ತಾರೆ. ಅವರು ಅತ್ತ ಹೋದ ಮೇಲೆ ಇವನು ಎದ್ದು ತಾನೇ ಬೇಟೆಯಾಡಿ ತಿಂದುಬಿಡುತ್ತಾನೆ. ಒಂದು ದಿನ ಮಕ್ಕಳು ಹೊಡೆದ ಕಾಂಗರೂ ಅವನಿಗೆ ಪವಿತ್ರವಾದದ್ದು. ಅವರಿಗೆ ಅದು ಗೊತ್ತಿರಲಿಲ್ಲ. ಬೆಂಕಿ ಮಾತ್ರ ಗೊತ್ತು ಗೊತ್ತಿಲ್ಲ ಅಂತ ನೋಡಲಿಲ್ಲ.

ಮೊದಲ ಕಥೆಯಲ್ಲಿ ತಪ್ಪು ಮಕ್ಕಳದು. ಎರಡನೆಯದರಲ್ಲಿ ಅಪ್ಪನೇ ಮೋಸಗಾರ. ಹಾಗಾದರೆ ಸರಿಯಾದ ಕಥೆ ಯಾವುದು ಅಂತ ನಮಗೆ ಅನ್ನಿಸುವುದು ಸಹಜ. ಅಲ್ಲಿ ಒಂದೇ ದಾರಿಯ ಕಥೆಯಲ್ಲಿ ಬೇರೆ ಬೇರೆ ಕುಟುಂಬಕ್ಕೆ ಬೇರೆ ಬೇರೆ ತುಂಡಿನ ಜವಾಬ್ದಾರಿ ಇರುತ್ತದೆ. ಹೊರಗಿನವರಿಗೆ, ಮಕ್ಕಳಿಗೆ ಹೇಳುವ ಕಥೆ ಒಂದು ಪದರ. ದೀಕ್ಷೆ ಆದವರಿಗೆ ಇನ್ನೊಂದು. ನಾವು ಓದುತ್ತಿರುವುದು ಮೇಲಿನ ಪದರ ಮಾತ್ರ. ಕೆಳಗಿನದು ನಮಗೆ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ.

ಆ ನೆಲ ನೋಡಿದರೆ ಕಥೆ ಇನ್ನೂ ಹತ್ತಿರವಾಗುತ್ತದೆ. ಅಲ್ಲಿ ಎತ್ತ ನೋಡಿದರೂ ಸ್ಪಿನಿಫೆಕ್ಸ್ ಹುಲ್ಲು. ಮುಳ್ಳುಮುಳ್ಳಾಗಿ ಗುಡ್ಡೆ ಗುಡ್ಡೆಯಾಗಿ ಬೆಳೆಯುತ್ತದೆ. ಮೈತುಂಬಾ ಅಂಟು. ಕಿಡಿ ಬಿದ್ದರೆ ನಿಜವಾಗಿಯೂ ಸಿಡಿದು ಉರಿಯುತ್ತದೆ. ಮರುಭೂಮಿಯ ಜನ ಬೇಕಂತಲೇ ಸಣ್ಣ ಸಣ್ಣ ತುಂಡು ಸುಡುತ್ತಿದ್ದರು. ಸುಟ್ಟ ಕಡೆ ಮಳೆ ಬಿದ್ದರೆ ಎಳೆ ಹುಲ್ಲು, ಎಳೆ ಹುಲ್ಲಿಗೆ ಕಾಂಗರೂ. ಬೆಂಕಿಯನ್ನು ಯಾರು, ಎಲ್ಲಿ, ಯಾವಾಗ ಹಚ್ಚಬಹುದು ಎನ್ನುವುದು ಅಲ್ಲಿ ಹೊಟ್ಟೆಪಾಡಿನ ವಿಷಯ. ಲುಂಗ್ಕಟನ ಬೆಂಕಿ ಕೈಮೀರಿದ ಬೆಂಕಿ.

ಇಂಥ ಕಥೆಗಳಿಗೆ ಇಂಗ್ಲಿಷಿನಲ್ಲಿ ಡ್ರೀಮಿಂಗ್ ಅನ್ನುತ್ತಾರೆ. ವಾರ್ಲ್ಪಿರಿಯಲ್ಲಿ ಜುಕುರ್ಪ. ಡ್ರೀಮಿಂಗ್ ಅಂದ ಕೂಡಲೇ ಕನ್ನಡದಲ್ಲಿ ಕನಸು ಅಂತ ಬರೆದುಬಿಡುತ್ತೇವೆ. ಅಲ್ಲಿಗೆ ದಾರಿ ತಪ್ಪಿತು. ಹತ್ತಿರದ ಮಾತು ಬೇಕೆಂದರೆ ಸ್ಥಳಪುರಾಣ. ಅದೂ ಪೂರ್ತಿ ಹೊಂದುವುದಿಲ್ಲ. ಸ್ಥಳಪುರಾಣ ಒಂದು ಕಾಲದಲ್ಲಿ ನಡೆದು ಮುಗಿದಿರುತ್ತದೆ. ಜುಕುರ್ಪ ಮುಗಿಯುವುದಿಲ್ಲ. ಪೂರ್ವಜರು ನಡೆದು ಹೋದ ದಾರಿಯೇ ಬೆಟ್ಟ, ಹೊಂಡ, ಬಂಡೆಯಾಗಿದೆ. ಕಾನೂನೂ ಅದೇ, ನಕ್ಷೆಯೂ ಅದೇ, ನೆಂಟಸ್ತಿಕೆಯೂ ಅದೇ.

ಬಟ್ಟೆಯ ಮೇಲೆ ಏನಿದೆ

ಈಗ ಚಿತ್ರದ ಮುಂದೆ ನಿಲ್ಲೋಣ. ನಡುವೆ ಬೆಂಕಿ ಸ್ಫೋಟಿಸಿದೆ. ಬಲಗಡೆ ಎರಡು ಅಸ್ಥಿಪಂಜರ. ಅವರೇ ಆ ಅಣ್ಣತಮ್ಮಂದಿರು. ಸುತ್ತ ಬಿಳಿ, ಬೂದು, ಕಂದು, ಕಪ್ಪು ಚುಕ್ಕೆಗಳ ಮೋಡ. ಹೊಗೆ, ಬೂದಿ, ಸುಟ್ಟ ನೆಲ, ಸುಡದೆ ಉಳಿದ ಹುಲ್ಲು. ಮರುಭೂಮಿಯ ಚಿತ್ರಗಳಲ್ಲಿ ಮನುಷ್ಯನ ಆಕೃತಿಯನ್ನು ಹೀಗೆ ಬಿಡಿಸುವುದು ಕಡಿಮೆ. ಅಲ್ಲಿ ಕೂತ ಮನುಷ್ಯ ಅಂದರೆ ಕುದುರೆಲಾಳದ ಆಕಾರದ ಒಂದು ಗುರುತು, ಅಷ್ಟೇ. ಮರಳಿನ ಮೇಲೆ ಕೂತೆದ್ದರೆ ಉಳಿಯುವ ಅಚ್ಚು ಅದು. ಅಸ್ಥಿಪಂಜರ ಕ್ಲಿಫರ್ಡ್ ಪಾಸಂ ಅವರ ಸ್ವಂತ ಕೈಚಳಕ.

ಆದರೆ ಬೆಂಕಿಯ ಕಥೆ ಒಂಬತ್ತರಲ್ಲಿ ಒಂದು ಮಾತ್ರ. ಈ ಒಂದು ಬಟ್ಟೆಯ ಮೇಲೆ ಒಂಬತ್ತು ಜುಕುರ್ಪ ಹಾದು ಹೋಗುತ್ತವೆ. ಎಮು ಹಕ್ಕಿಗಳ ಹೆಜ್ಜೆ ಬಾಣದ ಗುರುತಿನ ಹಾಗೆ ಸಾಲಾಗಿ ಹೋಗುತ್ತದೆ. ವಾಲಬಿ, ಅಂದರೆ ಸಣ್ಣ ಜಾತಿಯ ಕಾಂಗರೂ, ಆ ವಾಲಬಿ ಮನುಷ್ಯರ ದಾರಿಯಿದೆ. ಪಾಸಂ ಎಂಬ ಮರ ಹತ್ತುವ ಪ್ರಾಣಿಯ ಪೂರ್ವಜ ನಡೆದಿದ್ದಾನೆ. ಏಲರಾನ್ ಎಂಬ ಜಾಗದಿಂದ ಕುಣಿಯುತ್ತಾ ಬಂದ ಹೆಂಗಸರ ಪಾದಗಳಿವೆ. ಒಂದು ದಾರಿ ಇನ್ನೊಂದನ್ನು ಎಲ್ಲಿ ದಾಟುತ್ತದೋ ಅಲ್ಲೊಂದು ಊರಿನ ಹಾಗೆ ವೃತ್ತದೊಳಗೆ ವೃತ್ತ. ಅದು ನೀರಿನ ಹೊಂಡ ಇರಬಹುದು, ಪವಿತ್ರ ಜಾಗ ಇರಬಹುದು.

ಚಿತ್ರಕ್ಕೆ ಮೇಲೆ ಕೆಳಗೆ ಇಲ್ಲ. ಬಟ್ಟೆಯನ್ನು ನೆಲದ ಮೇಲೆ ಹಾಸಿ, ಸುತ್ತ ಕೂತು, ಒಂದೊಂದು ಕಡೆಯಿಂದ ಒಂದೊಂದು ದಾರಿ ಬರೆಯುತ್ತಾರೆ. ಗೋಡೆಗೆ ಹಾಕಿದ್ದು ನಾವು. ನೆಲದ ಮೇಲಿದ್ದಾಗ ಅದು ನೆಲದ್ದೇ ನಕ್ಷೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಮಾಲೀಕತ್ವಕ್ಕೆ ನಾವು ಬೇಲಿ ಹಾಕುತ್ತೇವೆ. ಸರ್ವೆ ಕಲ್ಲು ನೆಡುತ್ತೇವೆ. ಇಲ್ಲಿ ಬೇಲಿ ಇಲ್ಲ, ದಾರಿ ಇದೆ. ಎಮು ದಾರಿ ನಿನ್ನದು, ಬೆಂಕಿಯ ದಾರಿ ನನ್ನದು, ಇಬ್ಬರ ದಾರಿಯೂ ಇದೇ ಹೊಂಡದ ಬಳಿ ಕೂಡುತ್ತದೆ. ಹಾಗಾದರೆ ಹೊಂಡ ಇಬ್ಬರದೂ ಹೌದು, ಅದನ್ನು ನೋಡಿಕೊಳ್ಳುವ ಕೆಲಸವೂ ಇಬ್ಬರದು. ನಮ್ಮ ಪಹಣಿಯಲ್ಲಿ ಮಾಲೀಕನ ಹೆಸರು ಒಂದು ಕಾಲಂ, ಋಣ ಇನ್ನೊಂದು ಕಾಲಂ. ಇವರದರಲ್ಲಿ ಎರಡೂ ಒಂದೇ.

ಬರೆಯುವ ಹಕ್ಕು

ಜಪಲ್‌ಜಾರಿ ಎನ್ನುವುದು ಮನೆತನದ ಹೆಸರಲ್ಲ. ಇದು ಅನೇಕರಿಗೆ ಗೊಂದಲ ತರುತ್ತದೆ. ಆ ಭಾಗದಲ್ಲಿ ಸಮಾಜ ಎಂಟು ಗುಂಪಾಗಿದೆ. ಪ್ರತಿ ಗುಂಪಿಗೆ ಗಂಡಿಗೊಂದು ಹೆಸರು, ಹೆಣ್ಣಿಗೊಂದು. ಗಂಡಿನದು ಜ ಎಂದು ಶುರುವಾದರೆ ಹೆಣ್ಣಿನದು ನ ಎಂದು. ನಮ್ಮ ಬೆಡಗಿನ ಹಾಗೆ ಅಂದುಕೊಳ್ಳಬಹುದು. ಒಂದು ವ್ಯತ್ಯಾಸ ಇದೆ. ಅಪ್ಪನ ಗುಂಪು ಮಕ್ಕಳಿಗೆ ಬರುವುದಿಲ್ಲ. ಜಪಲ್‌ಜಾರಿಯ ಮಗಳು ನುಂಗುರಾಯಿ ಆಗುತ್ತಾಳೆ. ಕ್ಲಿಫರ್ಡ್ ಪಾಸಂ ಅವರ ಹೆಣ್ಣುಮಕ್ಕಳಾದ ಗೇಬ್ರಿಯೆಲಾ ಮತ್ತು ಮಿಶೆಲ್ ಇಬ್ಬರೂ ಹೆಸರಾದ ಚಿತ್ರಕಾರರು, ಇಬ್ಬರೂ ಪಾಸಂ ನುಂಗುರಾಯಿ. ಯಾರು ಯಾರನ್ನು ಮದುವೆಯಾಗಬಹುದು, ಯಾರ ಸಾವಿಗೆ ಯಾರು ಅಳಬೇಕು, ಯಾವ ಕಥೆ ಯಾರದು, ಎಲ್ಲ ಇದರಿಂದ ತೀರ್ಮಾನವಾಗುತ್ತದೆ.

ವಾರ್ಲ್ಪಿರಿಯಲ್ಲಿ ಎರಡು ಮಾತಿದೆ. ಕಿರ್ಡ, ಕುರ್ಡುಂಗುರ್ಲು. ಅಪ್ಪನ ಕಡೆಯಿಂದ ಜಾಗಕ್ಕೆ ಸೇರಿದವನು ಕಿರ್ಡ, ಅಂದರೆ ಒಡೆಯ. ತಾಯಿಯ ಕಡೆಯಿಂದ ಸೇರಿದವನು ಕುರ್ಡುಂಗುರ್ಲು. ಅವನು ಉಸ್ತುವಾರಿ. ಒಡೆಯ ಕುಣಿಯುವಾಗ ಹೆಜ್ಜೆ ತಪ್ಪಿದರೆ ಹೇಳುವವನು, ಮೈಮೇಲೆ ಬಣ್ಣ ಸರಿಯಾಗಿ ಬಂತಾ ನೋಡುವವನು. ಒಬ್ಬನಿಲ್ಲದೆ ಇನ್ನೊಬ್ಬ ಏನೂ ಮಾಡುವ ಹಾಗಿಲ್ಲ. ಬೆಂಕಿಯ ಕಥೆ ಜಂಪಿಜಿನ್ಪ ಮತ್ತು ಜಂಗಾಲ ಗುಂಪಿನದು. ಕ್ಲಿಫರ್ಡ್ ಪಾಸಂ ಅವರ ತಾಯಿ ನಂಗಾಲ, ಅಂದರೆ ಅದೇ ಜಂಗಾಲ ಗುಂಪಿನ ಹೆಣ್ಣು. ತಾಯಿಯ ಕಡೆಯ ಕಥೆಯನ್ನು ಮಗ ಬರೆದರು. ಸುಮ್ನೆ ಚೆನ್ನಾಗಿದೆ ಅಂತ ಎಲ್ಲಿಂದಲೋ ಎತ್ತಿಕೊಂಡದ್ದಲ್ಲ.

ತಾಯಿಯ ಕಾಲದ ಇನ್ನೊಂದು ಕಥೆಯೂ ಇದೆ. 1928ರಲ್ಲಿ ಕಾನಿಸ್ಟನ್ ಎಂಬಲ್ಲಿ ಡಿಂಗೋ ನಾಯಿ ಹಿಡಿಯುವ ಬಿಳಿಯನೊಬ್ಬ ಕೊಲೆಯಾದ. ಪೊಲೀಸ್ ಕಾನ್‌ಸ್ಟೆಬಲ್ ಜಾರ್ಜ್ ಮರ್ರಿ ಕುದುರೆ ಸವಾರರನ್ನು ಕಟ್ಟಿಕೊಂಡು ಹೊರಟ. ವಾರ್ಲ್ಪಿರಿ, ಅನ್ಮಟ್ಯೆರ್, ಕೈಟೆಟ್ಯೆ ಜನರನ್ನು ವಾರಗಟ್ಟಲೆ ಹುಡುಕಿ ಹುಡುಕಿ ಗುಂಡಿಕ್ಕಿದರು. ಸರ್ಕಾರದ ಲೆಕ್ಕ 31. ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಜಾಸ್ತಿ ಎಂದು ಇತಿಹಾಸಕಾರರು ಹೇಳುತ್ತಾರೆ. ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ. ಅದರಿಂದ ತಪ್ಪಿಸಿಕೊಂಡವರಲ್ಲಿ ಗ್ವೋಯ ಜುಂಗುರಾಯಿ ಒಬ್ಬರು. ಕ್ಲಿಫರ್ಡ್ ಪಾಸಂ ಅವರ ತಂದೆ ತೀರಿಕೊಂಡ ಮೇಲೆ ತಾಯಿ ಮದುವೆಯಾದದ್ದು ಇವರನ್ನೇ. 1950ರಲ್ಲಿ ಆಸ್ಟ್ರೇಲಿಯಾ ಇವರ ಮುಖವನ್ನು ಅಂಚೆಚೀಟಿಗೆ ಹಾಕಿತು. ಚೀಟಿಯ ಮೇಲೆ ಇವರ ಹೆಸರು ಇರಲಿಲ್ಲ. ಮೂಲನಿವಾಸಿ ಎಂಬರ್ಥದ ಒಂದು ಪದ ಅಷ್ಟೇ.

ಕ್ಲಿಫರ್ಡ್ ಪಾಸಂ ಶಾಲೆಗೆ ಹೋದವರಲ್ಲ. ದನ ಕಾಯುವ ಕೆಲಸಕ್ಕೆ ಸೇರಿ ಎಸ್ಟೇಟಿನಿಂದ ಎಸ್ಟೇಟಿಗೆ ಅಲೆದರು. ಆ ಅಲೆದಾಟ ನಷ್ಟವಾಗಲಿಲ್ಲ. ಪೂರ್ವಜರು ನಡೆದ ದಾರಿಗಳನ್ನು ಅವರು ಕುದುರೆಯ ಮೇಲೆ ಕೂತು ನೋಡಿದರು. ಬಿಡುವಿನಲ್ಲಿ ಮರದಲ್ಲಿ ಹಾವು, ಉಡ ಕೆತ್ತುತ್ತಿದ್ದರು. ಚಿತ್ರ ಬರೆಯುವ ಮೊದಲೇ ಕೆತ್ತನೆಯಲ್ಲಿ ಹೆಸರು ಮಾಡಿದ್ದರು.

ಪಪುನ್ಯ ಎಂಬ ಊರಿನ ಕಥೆ ಹಲವರಿಗೆ ಗೊತ್ತಿರಬಹುದು. ಚಿಕ್ಕದಾಗಿ ಹೇಳುತ್ತೇನೆ. ಬೇರೆ ಬೇರೆ ಭಾಷೆಯ ಮರುಭೂಮಿಯ ಜನರನ್ನು ಸರ್ಕಾರ ತಂದು ಒಟ್ಟಿಗೆ ಕೂರಿಸಿದ ಜಾಗ ಅದು. 1971ರಲ್ಲಿ ಜೆಫ್ರಿ ಬಾರ್ಡನ್ ಎಂಬ ಮೇಷ್ಟ್ರು ಅಲ್ಲಿನ ಶಾಲೆಗೆ ಬಂದರು. ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಜುಕುರ್ಪ ಬರೆದರು. ಆಮೇಲೆ ಹಳೆ ಹಲಗೆ ತುಂಡುಗಳ ಮೇಲೆ ಬರೆದರು. 1972ರಲ್ಲಿ ಪಪುನ್ಯ ಟುಲ ಎಂಬ ಹೆಸರಿನಲ್ಲಿ ಚಿತ್ರಕಾರರೇ ಒಡೆಯರಾದ ಕಂಪನಿ ಆಯಿತು. ಕ್ಲಿಫರ್ಡ್ ಪಾಸಂ ಸೇರಿದ್ದೂ ಅದೇ ವರ್ಷ. ಮುಂದೆ ಕೆಲವು ವರ್ಷ ಅಧ್ಯಕ್ಷರೂ ಆಗಿದ್ದರು. ಆ ಶಾಲೆಯ ಗೋಡೆಗೆ 1974ರಲ್ಲಿ ರಿಪೇರಿಗೆ ಬಂದವರು ಬಣ್ಣ ಬಳಿದು ಹೋದರು. ಜೇನಿರುವೆ ಕೆಳಗೆ ಉಳಿಯಿತು.

ಚುಕ್ಕೆಗಳ ಬಗ್ಗೆ ಒಂದು ಮಾತು. ಗುಟ್ಟಿನ ಗುರುತುಗಳನ್ನು ಮರೆ ಮಾಡಲಿಕ್ಕೇ ಚುಕ್ಕೆ ಬಂತು ಅಂತ ಎಲ್ಲರೂ ಬರೆಯುತ್ತಾರೆ. ಅರ್ಧ ನಿಜ. ಮೊದಮೊದಲು ಹೆಂಗಸರು ಮಕ್ಕಳು ನೋಡಬಾರದ್ದೂ ಹಲಗೆಗೆ ಬಂದುಬಿಟ್ಟಿತ್ತು. ಬೇರೆ ಕುಲದವರು ಜಗಳ ತೆಗೆದರು. ಅದಾದ ಮೇಲೆ ಗುಟ್ಟು ಹಿಂದೆ ಸರಿದು ಚುಕ್ಕೆ ಮುಂದೆ ಬಂತು. ಆದರೆ ಚುಕ್ಕೆ ಆಗ ಹುಟ್ಟಿದ್ದಲ್ಲ. ವಿಧಿಯ ಸಮಯದಲ್ಲಿ ಮೈಮೇಲೆ, ಮರಳಿನ ಮೇಲೆ ಗಿಡದ ಹತ್ತಿ ಮತ್ತು ಕೆಮ್ಮಣ್ಣಿನಿಂದ ಇಡುತ್ತಿದ್ದ ಚುಕ್ಕೆಯೇ ಅದು. ವರ್ಲುಗುಲಾಂಗ್ ನೋಡಿದರಂತೂ ಮರೆ ಮಾಡುವ ಮಾತು ನೆನಪಿಗೇ ಬರುವುದಿಲ್ಲ. ಅಲ್ಲಿ ಚುಕ್ಕೆ ಬೂದಿಯಾಗಿ ಹಾರುತ್ತಿದೆ.

1977 ಯಾಕೆ

ಕ್ಲಿಫರ್ಡ್ ಪಾಸಂ ಇದೇ ಹೆಸರಿನ ಇನ್ನೊಂದು ಚಿತ್ರವನ್ನು 1976ರಲ್ಲಿ ತಮ್ಮ ಅಣ್ಣ ಟಿಮ್ ಲೂರಾ ಜೊತೆ ಬರೆದಿದ್ದರು. ಬಿಬಿಸಿಯ ಸಾಕ್ಷ್ಯಚಿತ್ರವೊಂದಕ್ಕಾಗಿ ಬರೆದದ್ದು. ಅದು ಈಗ ಸಿಡ್ನಿಯ ಆರ್ಟ್ ಗ್ಯಾಲರಿಯಲ್ಲಿದೆ. ಆಮೇಲಿನ ಎರಡು ಮೂರು ವರ್ಷದಲ್ಲಿ ಇಂಥ ದೊಡ್ಡ ನಕ್ಷೆಯ ಚಿತ್ರಗಳು ಒಂದರ ಹಿಂದೆ ಒಂದು ಬಂದವು. ಅದುವರೆಗೆ ಹಲಗೆಯ ತುಂಡಿನ ಮೇಲೆ ಒಂದು ಕಥೆ ಬರೆಯುತ್ತಿದ್ದವರು ಇದ್ದಕ್ಕಿದ್ದ ಹಾಗೆ ಇಡೀ ಸೀಮೆಯನ್ನೇ ಬರೆಯಲು ಹೊರಟದ್ದು ಯಾಕೆ?

ದೊಡ್ಡ ಕ್ಯಾನ್ವಾಸು ಸಿಕ್ಕಿತು ಅನ್ನುವುದು ಒಂದು ಕಾರಣ. ಇನ್ನೊಂದು ಕಾನೂನು. ಆಸ್ಟ್ರೇಲಿಯಾದ ಸಂಸತ್ತು 1976ರ ಕೊನೆಯಲ್ಲಿ, ಈ ಜಾಗಗಳೆಲ್ಲ ಇರುವ ನಾರ್ದರ್ನ್ ಟೆರಿಟರಿ ಪ್ರಾಂತ್ಯದ ಮೂಲನಿವಾಸಿಗಳ ಭೂಹಕ್ಕಿನ ಕಾಯ್ದೆ ಮಾಡಿತು. 1977ರ ಜನವರಿಯಲ್ಲಿ ಅದು ಜಾರಿಗೆ ಬಂತು. ಜಾಗ ಕೇಳುವವರು ಆ ಜಾಗದ ಪವಿತ್ರ ಸ್ಥಳಗಳ ಜೊತೆ ತಮಗೆ ಆಧ್ಯಾತ್ಮಿಕ ನಂಟಿದೆ, ವಂಶದಿಂದ ಬಂದ ಜವಾಬ್ದಾರಿ ಇದೆ ಎಂದು ತೋರಿಸಬೇಕಿತ್ತು. ಕಾಯ್ದೆ ಕೇಳಿದ್ದನ್ನೂ ವರ್ಲುಗುಲಾಂಗ್ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದು ಪ್ರಶ್ನೆ, ಇನ್ನೊಂದು ಉತ್ತರ. ಕಾಯ್ದೆಗೆ ಉತ್ತರವಾಗಿಯೇ ಬರೆದರು ಅಂತ ನಾನು ಹೇಳುತ್ತಿಲ್ಲ. ಆ ಗಾಳಿ ಆಗ ಬೀಸುತ್ತಿತ್ತು.

ವಿಚಿತ್ರ ಏನು ಗೊತ್ತಾ? ಬೇರೆಯವರ ದನದ ಎಸ್ಟೇಟಿಗೆ ಗುತ್ತಿಗೆ ಕೊಟ್ಟಿದ್ದ ಜಾಗ ಆ ಕಾಯ್ದೆಗೆ ಸೇರುತ್ತಿರಲಿಲ್ಲ. ಕ್ಲಿಫರ್ಡ್ ಪಾಸಂ ಹುಟ್ಟಿದ ನ್ಯಾಪರ್ಬಿ ಅಂಥದ್ದೇ ಜಾಗ.

ಹಣ ಹೋದ ದಾರಿ

1996ರಲ್ಲಿ ಬ್ಯಾಂಕು ಚಿತ್ರವನ್ನು ಹರಾಜಿಗಿಟ್ಟಿತು. ಹ್ಯಾಂಕ್ ಎಬ್ಸ್ ಎಂಬ ವ್ಯಾಪಾರಿ 36,000 ಡಾಲರಿಗೆ ಕೊಂಡರು. ಅದೇ ಆಗ ಕ್ಲಿಫರ್ಡ್ ಪಾಸಂ ಅವರ ಚಿತ್ರಕ್ಕೆ ಸಿಕ್ಕ ದಾಖಲೆ ಬೆಲೆ. 2007ರಲ್ಲಿ ಎಬ್ಸ್ ಮಾರಿದಾಗ ಇಡೀ ಮೂಲನಿವಾಸಿ ಕಲೆಗೇ ಹೊಸ ದಾಖಲೆ. ಅದೇ ವರ್ಷ ಮೇ ತಿಂಗಳಲ್ಲಿ ಮರುಭೂಮಿಯ ಇನ್ನೊಬ್ಬ ಮೂಲನಿವಾಸಿ ಚಿತ್ರಕಾರ್ತಿ ಎಮಿಲಿ ಕಾಮೆ ಕ್ಙ್ವಾರೆಯೆ ಅವರ ಚಿತ್ರ ಹತ್ತು ಲಕ್ಷ ಡಾಲರ್ ದಾಟಿತ್ತು. ಎರಡೇ ತಿಂಗಳಲ್ಲಿ ಅದು ಹಳೆಯದಾಯಿತು.

ಕ್ಲಿಫರ್ಡ್ ಪಾಸಂ ಅಷ್ಟರಲ್ಲಿ ಇರಲಿಲ್ಲ. 1990ರಲ್ಲಿ ಲಂಡನ್ನಿಗೆ ಹೋಗಿ ಎಲಿಜಬೆತ್ ರಾಣಿಯನ್ನು ಕಂಡು ಬಂದಿದ್ದರು. 2002ರ ಜೂನ್ 21ರಂದು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ತೀರಿಕೊಂಡರು. ಆರ್ಡರ್ ಆಫ್ ಆಸ್ಟ್ರೇಲಿಯಾ ಗೌರವವನ್ನು ಅವರ ಕೈಗೆ ಕೊಡಬೇಕಿದ್ದ ದಿನವೇ ಅದು.

24 ಲಕ್ಷದಲ್ಲಿ ಮನೆಯವರಿಗೆ ಕಾನೂನಿನ ಪ್ರಕಾರ ಒಂದು ಡಾಲರೂ ಬರುವಂತಿರಲಿಲ್ಲ. ಚಿತ್ರ ಮತ್ತೆ ಮತ್ತೆ ಮಾರಾಟವಾದಾಗ ಬರೆದವರಿಗೆ ಪಾಲು ಕೊಡುವ ಕಾಯ್ದೆ ಆಗ ಆ ದೇಶದಲ್ಲಿ ಇರಲಿಲ್ಲ. 2009ರಲ್ಲಿ ಅಂಥದ್ದೊಂದು ಕಾಯ್ದೆ ಬಂತು, 2010ರ ಜೂನ್‌ನಲ್ಲಿ ಜಾರಿಯಾಯಿತು. ಮರುಮಾರಾಟದ ಬೆಲೆಯಲ್ಲಿ ಶೇಕಡಾ 5 ಚಿತ್ರಕಾರರಿಗೆ, ಅವರು ತೀರಿಕೊಂಡು 70 ವರ್ಷದವರೆಗೆ ವಾರಸುದಾರರಿಗೆ. ಅದರಲ್ಲೂ ಒಂದು ಷರತ್ತು. ಹಳೆಯ ಚಿತ್ರವಾದರೆ ಕಾಯ್ದೆ ಬಂದ ನಂತರದ ಮೊದಲ ಮಾರಾಟ ಲೆಕ್ಕಕ್ಕಿಲ್ಲ, ಎರಡನೆಯದರಿಂದ ಮಾತ್ರ. ವರ್ಲುಗುಲಾಂಗ್ ವಿಷಯದಲ್ಲಿ ಇದೆಲ್ಲ ಹಾಳೆಯ ಮೇಲಿನ ಮಾತು. ಅಪ್ಪನಿಗೆ ಪಾಲು ಇಡದೆ ತಿಂದ ಕಾಂಗರೂ ಕಥೆಯ ಚಿತ್ರ ಇದು ಅನ್ನುವುದನ್ನು ಓದುತ್ತಿರುವವರೇ ನೆನಪಿಸಿಕೊಂಡಿರುತ್ತಾರೆ.

ಬೆಲೆ ಏರಿದ ಕಡೆ ನಕಲಿ ಬರುತ್ತದೆ. 1999ರಲ್ಲಿ ಸಿಡ್ನಿಯಲ್ಲಿ ತಮ್ಮ ಹೆಸರಿನಲ್ಲಿ ಮಾರಾಟಕ್ಕಿದ್ದ ಚಿತ್ರಗಳನ್ನು ಕ್ಲಿಫರ್ಡ್ ಪಾಸಂ ಸ್ವತಃ ನೋಡಿ, ಇವು ನನ್ನವಲ್ಲ ಎಂದರು. 2001ರಲ್ಲಿ ಒಬ್ಬ ವ್ಯಾಪಾರಿಗೆ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಮೂಲನಿವಾಸಿ ಕಲೆಯ ವಂಚನೆಗೆ ಆಸ್ಟ್ರೇಲಿಯಾದಲ್ಲಿ ಶಿಕ್ಷೆಯಾದ ಮೊದಲ ಪ್ರಕರಣ ಅದು. ಜೈಲೇನೂ ಆಗಲಿಲ್ಲ, ಮೂರು ವರ್ಷ ಸನ್ನಡತೆಯ ಬಾಂಡು.

ನ್ಯಾಯಾಲಯಕ್ಕೆ ಬೇಕಿದ್ದದ್ದು ಬ್ರಷ್ ಹಿಡಿದ ಕೈ ಯಾರದು ಅನ್ನುವುದು. ಮರುಭೂಮಿಯಲ್ಲಿ ಚುಕ್ಕೆ ತುಂಬಲು ಹೆಂಡತಿ ಮಕ್ಕಳು ಕೂರುವುದು ಮಾಮೂಲು, ಅದಕ್ಕೆ ಯಾರೂ ನಕಲಿ ಅನ್ನುವುದಿಲ್ಲ. ಅಲ್ಲಿ ಮೊದಲು ಕೇಳುವುದು, ಈ ಕಥೆ ಬರೆಯಲು ನೀನು ಯಾರು ಎಂದು. ಖೋಟಾ ಚಿತ್ರದಲ್ಲಿ ಕೈಯೂ ಬೇರೆ, ಹಕ್ಕೂ ಇಲ್ಲ. ಸುಳ್ಳು ಸಹಿಯ ಜೊತೆ ಸುಳ್ಳು ಪಹಣಿ.

ನಿಜವಾದದ್ದು ಈಗ ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿಯದು. ಆ ಕಡೆ ಇರುವ ಕನ್ನಡದವರು ಯಾವತ್ತಾದರೂ ಅದರ ಎದುರು ನಿಂತರೆ ಮೊದಲು ಬಲಗಡೆ ನೋಡಿ, ಆಮೇಲೆ ನಡುವಿನ ಬೆಂಕಿ. ಆಮೇಲೆ ತಲೆ ಸ್ವಲ್ಪ ವಾಲಿಸಿ ಒಂದು ಎಮು ಹೆಜ್ಜೆ ಹಿಡಿದು ಅದು ಹೋದ ಕಡೆ ಹೋಗಿ.

ಬೆಂಕಿಯ ಕಥೆ ಬರೆಯುವವರು ಈಗಲೂ ಇದ್ದಾರೆ. ಯುವೆಂಡುಮು ಎಂಬ ಊರಿನ ವಾರ್ಲ್ಪಿರಿ ಚಿತ್ರಕಾರರು 1985ರಲ್ಲಿ ತಮ್ಮದೇ ಕೇಂದ್ರ ಮಾಡಿಕೊಂಡರು. ಅದಕ್ಕೆ ಇಟ್ಟ ಹೆಸರು ವಾರ್ಲುಕುರ್ಲಂಗು, ಬೆಂಕಿಗೆ ಸೇರಿದ್ದು ಅಂತ ಅರ್ಥ. ಕಥೆ ಅದೇ, ಜಾಗವೂ ಅದೇ. ಅಲ್ಲಿನ ಚಿತ್ರಗಳಲ್ಲಿ ಮುದುಕ ಈಗಲೂ ಕುರುಡನ ಹಾಗೆ ನಟಿಸುತ್ತಾ ಕೂತಿದ್ದಾನೆ. ಮಕ್ಕಳು ಬೇಟೆಗೆ ಹೋಗಿದ್ದಾರೆ.